ಮಗುವಿಗೆ ಜ್ವರವೇ? ಮೊದಲು ಪಾಸ್‌ಪೋರ್ಟ್ ಮಾಡಿಸಿ

ಮಗುವಿನ ಮೈ ಸುಡ್ತಾ ಇದೆ ಅಂತ ಸೀದಾ ಮೆಡಿಕಲ್ ಶಾಪಿಗೆ ಓಡಬೇಡಿ. ಮೊದಲು ಪಾಸ್‌ಪೋರ್ಟಿಗೆ ಅರ್ಜಿ ಹಾಕಿ. ಯಾಕೆ ಅಂತೀರಾ? 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಕಿಡ್ನಿ ಕೆಟ್ಟು ಸತ್ತರು, ವಿಶ್ವ ಆರೋಗ್ಯ ಸಂಸ್ಥೆ ಭಾರತದಿಂದ ಹೋದ ಸಿರಪ್‌ಗಳ ಕಡೆ ಬೊಟ್ಟು ಮಾಡಿತು, ಆಗ ನಮ್ಮ ಸರ್ಕಾರಕ್ಕೆ ಮರ್ಯಾದೆಯ ನೆನಪಾಯಿತು. 2023ರ ಜೂನ್ 1ರಿಂದ ಹೊಸ ನಿಯಮ ಬಂತು: ಕೆಮ್ಮಿನ ಸಿರಪ್ ರಫ್ತು ಮಾಡೋ ಮೊದಲು ಸರ್ಕಾರಿ ಲ್ಯಾಬಿನ ಸರ್ಟಿಫಿಕೇಟ್ ಬೇಕು. ಬಹಳ ಒಳ್ಳೇದು. ಊರಲ್ಲೇ ಉಳಿಯೋ ಸಿರಪ್ಪಿಗೆ? ಅದನ್ನು ಕಂಪನಿಯೇ ಟೆಸ್ಟ್ ಮಾಡಿ ತಾನೇ ಪಾಸ್ ಮಾಡಿಕೊಂಡರೆ ಸಾಕಿತ್ತು. ಮನೆ ಮಕ್ಕಳ ಹತ್ತಿರ ಎಂಥಾ ಫಾರ್ಮಾಲಿಟಿ, ಅಲ್ವಾ?

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೋಲ್ಡ್ರಿಫ್ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಅದರಲ್ಲಿ ಪ್ಯಾರಾಸಿಟಮಾಲ್ ಇತ್ತು. ಪ್ಯಾರಾಸಿಟಮಾಲ್‌ದೇನೂ ತಪ್ಪಿಲ್ಲ ಬಿಡಿ, ಮಗುವಿನ ತೂಕ ನೋಡಿ, ಒಂದು ಡೋಸಿಗೆ ಕೆಜಿಗೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರೆ ಸಾಧು ಔಷಧಿ. ಜೊತೆಗೆ ಬಂದಿದ್ದು ಡೈಎಥಿಲೀನ್ ಗ್ಲೈಕಾಲ್, ಬ್ರೇಕ್ ಆಯಿಲ್‌ಗೆ ಹಾಕೋ, ಕಿಡ್ನಿ ಕೆಡಿಸೋ ವಿಷ. ಶೇ. 0.1 ದಾಟಬಾರದು ಅಂತ ಮಿತಿ. ತಮಿಳುನಾಡಿನ ಲ್ಯಾಬಿಗೆ ಸಿಕ್ಕಿದ್ದು ಶೇ. 48.6!

ಇನ್ನು ಕೋಲ್ಡ್ರಿಫ್ ತಯಾರಿಸಿದ, ತಮಿಳುನಾಡಿನ ಕಾಂಚೀಪುರಂನ ಆ ಫ್ಯಾಕ್ಟರಿ. ಲೈಸೆನ್ಸ್ 2011ರದ್ದು. ಮಕ್ಕಳು ಸತ್ತ ಮೇಲೆ ಅಧಿಕಾರಿಗಳು ಒಳಗೆ ಕಾಲಿಟ್ಟರೆ 350ಕ್ಕೂ ಹೆಚ್ಚು ಲೋಪ. ಪಾಪ, ಅಷ್ಟೂ ಹಿಂದಿನ ರಾತ್ರಿಯೇ ಹುಟ್ಟಿರಬೇಕು.

ಎಲ್ಲ ಮುಗಿದ ಮೇಲೆ ಎಂದಿನಂತೆ ಉಪದೇಶ: ಪೋಷಕರು ಎಚ್ಚರ ವಹಿಸಬೇಕು. ವಹಿಸೋಣ ಸ್ವಾಮಿ, ಹೇಗೆ? ಈ ವಿಷಕ್ಕೆ ಬಣ್ಣ ಇಲ್ಲ, ಹೇಳಿಕೊಳ್ಳೋವಂಥ ವಾಸನೆ ಇಲ್ಲ, ರುಚಿ ಸಿಹಿ. ಬಾಟ್ಲಿ ಮೇಲಿನ ಬ್ಯಾಚ್ ನಂಬರು ಅರ್ಧ ಅಳಿಸಿರುತ್ತೆ, ಉಳಿದರ್ಧದ ಮೇಲೆ ಅಂಗಡಿಯವರು ಬೆಲೆ ಚೀಟಿ ಅಂಟಿಸಿರ್ತಾರೆ. ಆದರೂ ಜವಾಬ್ದಾರಿಯುತ ಪೋಷಕ ನೋಡಿ ನಾನು, ಮೊನ್ನೆ ಮೆಡಿಕಲ್ ಶಾಪಲ್ಲಿ ಕೇಳಿಯೇಬಿಟ್ಟೆ: "ಈ ಬ್ಯಾಚಿಂದು ಲ್ಯಾಬ್ ರಿಪೋರ್ಟ್ ಇದೆಯಾ?"

ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ತಾಳ್ಮೆಯಿಂದಲೇ ಕೇಳಿದ:

"ಸರ್, ಸ್ಟ್ರಾಬೆರಿ ಕೊಡ್ಲಾ, ಆರೆಂಜಾ?"