ಸಂಘದ ಗುಣಕ್ಕೆ ಐದರಲ್ಲಿ ಎಷ್ಟು ಅಂಕ?

ಎಂಬಿಎ ಓದುವ ಮಕ್ಕಳು ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಕೊಳ್ಳುವ ಸಹಕಾರಿ ಸಂಘಗಳಿಗೆ ಪ್ರಶ್ನಾವಳಿ ಹಿಡಿದುಕೊಂಡು ಬರುವುದುಂಟು. ‘ನಿಮ್ಮ ಸಂಸ್ಥೆಯಲ್ಲಿ ಪ್ರಾಮಾಣಿಕತೆ ಎಷ್ಟು? ಐದರಲ್ಲಿ ಅಂಕ ಕೊಡಿ.’ ಸಂಬಳ ಕೊಡುವ ಸಂಘಕ್ಕೆ ಒಂದು ಅಂಕ ಕೊಡುವವರು ಯಾರು ಮಾರಾಯ್ರೆ?

ಸದ್ಗುಣ ನೀತಿಶಾಸ್ತ್ರವನ್ನು, ಅಂದರೆ ನಿಯಮಕ್ಕಿಂತ ಮನುಷ್ಯನ ಗುಣಕ್ಕೆ ಒತ್ತು ಕೊಡುವ ಚಿಂತನೆಯನ್ನು, ಸಂಸ್ಥೆಗಳ ಅಧ್ಯಯನಕ್ಕೆ ತಂದವರು ಹೆಚ್ಚಾಗಿ ಆತುಕೊಳ್ಳುವುದು ತತ್ವಜ್ಞಾನಿ ಅಲಾಸ್ಡೇರ್ ಮ್ಯಾಕಿಂಟೈರ್ 1981ರಲ್ಲಿ ಬರೆದ ‘ಆಫ್ಟರ್ ವರ್ಚ್ಯೂ’ವನ್ನು. ಅವನ ಪ್ರಕಾರ ಪ್ರತಿಯೊಂದು ಕಸುಬಿಗೂ ಅದನ್ನು ಚೆನ್ನಾಗಿ ಮಾಡಿದವನಿಗೆ ಮಾತ್ರ ದಕ್ಕುವ ಒಂದು ಫಲ ಇದೆ. ಹಣ, ಹುದ್ದೆ, ಹೆಸರು ಬೇರೆ ದಾರಿಯಲ್ಲೂ ಸಿಗುತ್ತವೆ. ಸಂಸ್ಥೆ ಈ ಹಣ, ಹುದ್ದೆ, ಹೆಸರಿನ ಹಿಂದೆ ಓಡಲೇಬೇಕು, ಇಲ್ಲದಿದ್ದರೆ ಬಾಗಿಲು ಹಾಕಬೇಕಾಗುತ್ತದೆ. ಸಂಸ್ಥೆ ಮುಚ್ಚಿದರೆ ಕಸುಬೂ ಬಹುಕಾಲ ಉಳಿಯದು. ಟರ್ನಿಪ್ ನೆಡುವುದಷ್ಟೇ ಕಸುಬಲ್ಲ, ಕೃಷಿ ಕಸುಬು ಅಂತಲೂ ಹೇಳಿದ್ದಾನೆ. (ಅಡಿಕೆಯ ವಿಷಯ ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ.)

ಖರೀದಿ ಕೇಂದ್ರದಲ್ಲಿ ನಿಂತು ನೋಡಿ. ತಿಂಗಳಿಗೂ ಮಿಕ್ಕಿ ಅಂಗಳದ ಬಿಸಿಲಲ್ಲಿ ಒಣಗಿ, ಸುಲಿದು ಬಂದ ಅಡಿಕೆ, ನಮ್ಮಲ್ಲಿ ಅದಕ್ಕೆ ಚಾಲಿ ಅನ್ನುತ್ತಾರೆ. ಗ್ರೇಡ್ ಮಾಡುವವರು ಗೋಣಿಯ ಮೇಲ್ಗಡೆಯದನ್ನು ನಂಬುವುದಿಲ್ಲ. ತಳದವರೆಗೆ ಕೈ ಇಳಿಸಿ ಹಿಡಿ ತುಂಬ ತೆಗೆಯುತ್ತಾರೆ, ಒಂದೆರಡನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾರೆ. ಕೆಳಗಿನ ಗ್ರೇಡಿನಲ್ಲೂ ಪಟೋರ ಬೇರೆ, ಕೋಕ ಬೇರೆ. ಎದುರು ನಿಂತವರು ನಿರ್ದೇಶಕರ ಭಾವ. ಅವರ ಗೋಣಿಯಲ್ಲಿ ಪಟೋರ ಕಂಡರೆ ‘ಇದು ಪಟೋರ’ ಅಂತ ಬಾಯಿ ಬಿಟ್ಟು ಹೇಳಲು ಕಣ್ಣಿನ ಅನುಭವ ಮಾತ್ರ ಸಾಲದು, ಧೈರ್ಯವೂ ಬೇಕು. ನ್ಯಾಯ, ಧೈರ್ಯ, ಸತ್ಯ ಇಲ್ಲದಿದ್ದರೆ ಸಂಸ್ಥೆಯ ಒತ್ತಡಕ್ಕೆ ಕಸುಬು ಕೆಡುತ್ತದೆ ಎಂದು ಮ್ಯಾಕಿಂಟೈರ್ ಹೇಳಿದ್ದು ಇದನ್ನೇ. ಆದರೆ ನನಗೆ ಮುಖ್ಯ ಅನಿಸುವುದು ಆಮೇಲಿನದು: ಸಂಜೆ ನಿರ್ದೇಶಕರ ಫೋನ್ ಬಂದಾಗ ಕಾರ್ಯದರ್ಶಿ ಯಾರ ಪರ ಮಾತಾಡುತ್ತಾರೆ? ಸಂಘಕ್ಕೆ ಗುಣ ಅಂತ ಒಂದಿದ್ದರೆ ಅದು ಅಲ್ಲಿ ಗೊತ್ತಾಗುತ್ತದೆ, ಗೋಡೆಗೆ ತೂಗುಹಾಕಿದ ಧ್ಯೇಯವಾಕ್ಯದಲ್ಲಲ್ಲ.

ಒಂದು ತಕರಾರೂ ಉಂಟು. ಮ್ಯಾಕಿಂಟೈರನ ಮ್ಯಾನೇಜರ್ ಗುರಿ ಸರಿಯೋ ತಪ್ಪೋ ಕೇಳದೆ ಕೆಲಸ ಸಾಗಿಸುವವನು. ಸಂಘ ನಡೆಸುವವರನ್ನು ಹತ್ತಿರದಿಂದ ಕಂಡ ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅಡಿಕೆ ದರ ಬಿದ್ದು ಕೃಷಿಕರು ಕಂಗೆಟ್ಟಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು ಕರ್ನಾಟಕ, ಕೇರಳ ಎರಡೂ ಕಡೆಯವರಿಗಾಗಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದರು. ಗಡಿಯ ಆಚೀಚೆ ಜನರನ್ನು ಒಟ್ಟುಗೂಡಿಸುವುದು ಬರೀ ಲೆಕ್ಕಪತ್ರದ ಕೆಲಸವಾ? ಸಂಸ್ಥೆ ಕಟ್ಟಿ ಉಳಿಸುವುದಕ್ಕೂ ಕಸುಬಿನ ಗುಣ ಉಂಟು ಎಂದು ಅದೇ ಪುಸ್ತಕದಲ್ಲಿ ಮ್ಯಾಕಿಂಟೈರನೂ ಒಪ್ಪುತ್ತಾನೆ, ಆದರೆ ಆ ಮಾತನ್ನು ಬೆಳೆಸುವುದಿಲ್ಲ.

ಹಾಗಾಗಿ ಮಕ್ಕಳೇ, ಪ್ರಶ್ನಾವಳಿ ಚೀಲದಲ್ಲಿರಲಿ. ಸೀಸನ್ನಿನಲ್ಲಿ ಕೌಂಟರ್ ಪಕ್ಕ ಒಂದು ಸ್ಟೂಲ್ ಹಾಕಿ ಕುಳಿತುಕೊಳ್ಳಿ. ಯಾರ ಗೋಣಿಯನ್ನು ಕೆಳಗಿನ ಗ್ರೇಡಿಗೆ ಹಾಕಿದರು, ಯಾರು ಜಗಳಕ್ಕೆ ಬಂದರು ನೋಡಿ. ಅದೇ ಗೋಣಿ ಮರುದಿನ ಯಾವ ದರಕ್ಕೆ ಹೋಯಿತು ಅಂತಲೂ ಬರೆದುಕೊಳ್ಳಿ.