21 ಟ್ಯಾಂಕು, ಒಂದು ಮೊರ

"ರೀ, ಮನೇಲಿ ಇಲಿ ಸೇರ್ಕೊಂಡಿದೆ!"

ಹೆಂಡತಿ ಕೂಗಿದಾಗ ನಾನು ಹಲ್ಲುಜ್ಜುತ್ತಿದ್ದೆ. "ನಿಮ್ಮ ಮೇಜಿನ ಮೇಲೆಲ್ಲ ಹಿಕ್ಕೆ ಹಾಕಿದೆ. ಇರ್ಲಿ ಬಿಡಿ, ಗುಡಿಸಿಬಿಟ್ಟೆ."

ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿದೆ. ಮೊರದೊಳಗೆ ಕೂದಲು, ದೂಳು, ಪೆನ್ಸಿಲ್ ಹೆರೆದ ಸಿಪ್ಪೆಗಳ ನಡುವೆ ಸೋವಿಯತ್ ಸೇನೆಯ ಟ್ಯಾಂಕ್ ಬೆಟಾಲಿಯನ್ನೊಂದು ಅಂಗಾತ ಬಿದ್ದಿತ್ತು.

ಅವಳದ್ದು ತಪ್ಪು ಅನ್ನಲಾರೆ. ಇವು ಮೇಜಿನ ಮೇಲೆ ಆಡುವ ಯುದ್ಧದಾಟಕ್ಕೆ ನಾನು ಬಣ್ಣ ಹಚ್ಚುವ ಪುಟಾಣಿ ಟ್ಯಾಂಕುಗಳು. ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕ್ ಟಿ-34ರ ಒಡಲು ಸುಮಾರು ಆರು ಮೀಟರ್ ಉದ್ದ. ಅದನ್ನು 1/600 ಅಳತೆಗೆ ಇಳಿಸಿದರೆ ಉಳಿಯುವುದು ಒಂದು ಸೆಂಟಿಮೀಟರ್. ಮೊದಲು ನಾನು 1/285ರ ಟ್ಯಾಂಕುಗಳಿಗೆ ಬಣ್ಣ ಹಚ್ಚುತ್ತಿದ್ದೆ, ಒಂದೊಂದೂ ಎರಡು ಸೆಂಟಿಮೀಟರಿನಷ್ಟು. ಆಗೊಮ್ಮೆ ಜರ್ಮನಿಯ ಟೈಗರ್ ಟ್ಯಾಂಕಿನ, ಫಿರಂಗಿ ಕೂರುವ ಗೋಪುರ ಅಂಟಿಸಲು ಹೋಗಿ ಹೆಬ್ಬೆರಳು, ತೋರುಬೆರಳು, ಗೋಪುರ ಮೂರನ್ನೂ ಒಂದು ಮಾಡಿಕೊಂಡಿದ್ದೆ. ಸೂಪರ್ ಗ್ಲೂ ಗಟ್ಟಿಯಾಗುವುದೇ ತೇವ ತಾಗಿದಾಗ. ಬೆವರಿದ ಬೆರಳಿಗಿಂತ ಒಳ್ಳೆಯ ಜಾಗ ಅದಕ್ಕೆ ಇನ್ನೆಲ್ಲಿ? ಕೊನೆಗೆ ಹೆಂಡತಿಯ ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಕಾಪಾಡಿತು. ಟ್ಯಾಂಕ್ ಇನ್ನೂ ಚಿಕ್ಕದಾದರೆ ಇಂಥ ಫಜೀತಿಯೂ ಚಿಕ್ಕದಾಗುತ್ತದೆ, ಬಣ್ಣವೂ ಉಳಿಯುತ್ತದೆ ಅಂತ ಲೆಕ್ಕ ಹಾಕಿದೆ.

ಹಾಳು ಲೆಕ್ಕ. ದೊಡ್ಡ ಅಳತೆಯಲ್ಲಿ ನಾಲ್ಕು ಟ್ಯಾಂಕಿಗೆ ತೃಪ್ತನಾಗುವ ಮನುಷ್ಯ ಚಿಕ್ಕದರಲ್ಲಿ ಬೆಟಾಲಿಯನ್ನೇ ಬೇಕು ಅನ್ನುತ್ತಾನೆ. 1943ರ ಟಿ-34 ಬೆಟಾಲಿಯನ್ ಅಂದರೆ ಹತ್ತತ್ತು ಟ್ಯಾಂಕಿನ ಎರಡು ಕಂಪನಿ, ಮೇಲೊಂದು ಕಮಾಂಡರನದು. ಒಟ್ಟು 21.

ಮೊದಲ ದಿನ ಇವನ್ನು ರಟ್ಟಿನ ಮೇಲೆ ಸಾಲಾಗಿ ನಿಲ್ಲಿಸಿ ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹಚ್ಚುವ ಪದರ) ಸ್ಪ್ರೇ ಒತ್ತಿದೆ. ಡಬ್ಬಿಯ ಗಾಳಿಗೆ ಮುಂದಿನ ಸಾಲು ಪೂರ್ತಿ ಹಾರಿಹೋಯಿತು. ಯುದ್ಧದಲ್ಲೂ ಇಷ್ಟು ಬೇಗ ಸೋತಿರಲಿಲ್ಲ. ಆಮೇಲೆ ಬುದ್ಧಿ ಬಂದು ಐಸ್‌ಕ್ರೀಮ್ ಕಡ್ಡಿಗೆ ಎರಡೂ ಬದಿ ಅಂಟುವ ಟೇಪ್ ಹಚ್ಚಿ, ಅದರ ಮೇಲೆ ಕೂರಿಸಿ, ದೂರದಿಂದ ಹೊಡೆದೆ. ದೂರ ತುಸು ಹೆಚ್ಚೇ ಆಯಿತು. ಬಣ್ಣ ಗಾಳಿಯಲ್ಲೇ ಒಣಗಿ ಮರಳಿನಂತೆ ಉದುರಿ, ಮೂರು ಟ್ಯಾಂಕು ಉಪ್ಪುಕಾಗದದ ಚೂರಿನಂತಾದವು.

ಕುಂಚದ ಕಥೆ ಬೇರೆಯೇ ಇದೆ. ಚಿಕ್ಕ ಟ್ಯಾಂಕಿಗೆ ಚಿಕ್ಕ ಕುಂಚ ಅಂತ ಐದು ಸೊನ್ನೆಯದೊಂದನ್ನು ತಂದೆ (ಸೊನ್ನೆ ಹೆಚ್ಚಿದಷ್ಟೂ ಕುಂಚ ಸಣ್ಣ). ಅದರ ನಾಲ್ಕು ಕೂದಲಿನಲ್ಲಿ ನಿಂತ ಬಣ್ಣ ಟ್ಯಾಂಕು ಮುಟ್ಟುವಷ್ಟರಲ್ಲಿ ಒಣಗಿರುತ್ತಿತ್ತು. ತುದಿ ಚೂಪಾಗಿದ್ದರೆ ಒಂದನೇ ನಂಬರಿನ ಮಾಮೂಲಿ ಕುಂಚವೇ ಸಾಕಿತ್ತು. ಉಸಿರು ಬಿಗಿಹಿಡಿದು ಚಕ್ರಕ್ಕೆ ಬಣ್ಣ ಮುಟ್ಟಿಸುವಾಗ ಕೈ ಅಲ್ಲಾಡಲಿಲ್ಲ, ಎದೆ ಬಡಿತಕ್ಕೆ ಕುಂಚವೇ ಅಲ್ಲಾಡಿತು. ಗೆದ್ದ ಖುಷಿಯಲ್ಲಿ ಕುಂಚವನ್ನು ಕಾಫಿಗೆ ಅದ್ದಿ, ಕುಂಚ ತೊಳೆದ ನೀರನ್ನು ಒಂದು ಗುಟುಕು ಕುಡಿದೆ. (ಬಣ್ಣ ಹಚ್ಚುವ ಯಾರನ್ನೇ ಕೇಳಿ. ಇಲ್ಲ ಅಂದರೆ ಸುಳ್ಳು ಹೇಳುತ್ತಿದ್ದಾರೆ.)

ಆದರೆ ಮೊರಕ್ಕೆ ಮೂಲ ಕಾರಣ ನನ್ನ ಹಟ. ಜರ್ಮನ್ ಪಡೆ ಆಡಿಸುವ ಗೆಳೆಯ ಮೊದಲೇ ಹೇಳಿದ್ದ: "ಇಷ್ಟು ಚಿಕ್ಕದರ ಮೇಲೆ ಯಾವ ಬಣ್ಣವೂ ಗಾಢವಾಗಿ ಕಾಣತ್ತೆ ಕಣೋ. ಹಸಿರಿಗೆ ಒಂಚೂರು ಬಿಳಿ ಬೆರೆಸು." ನಾನು ಕೇಳಲಿಲ್ಲ. ಸೋವಿಯತ್ ಟ್ಯಾಂಕಿನ ಹಸಿರಿಗೆ 4ಬಿಒ ಅಂತ ಹೆಸರಿದೆ, ಅದು ಹೇಗಿತ್ತೋ ಹಾಗೇ ಇರಬೇಕು, ಇತಿಹಾಸಕ್ಕೆ ಸುಣ್ಣ ಬಳಿಯಲಾರೆ ಅಂದೆ. ಆ ಕಡು ಹಸಿರಿನ ಮೇಲೆ ಕಂದು ವಾಶ್ ಬೇರೆ ಸುರಿದೆ. ತೆಳು ಬಣ್ಣ ಸಂದುಗಳಿಗೆ ಇಳಿದು ನೆರಳು ಮೂಡಬೇಕು, ಒಣಗಿದ ಮೇಲೆ ಕುಂಚದ ಬಣ್ಣವನ್ನೆಲ್ಲ ಕಾಗದಕ್ಕೆ ಒರೆಸಿ, ಉಳಿದ ಪಸೆಯಲ್ಲಿ ಅಂಚುಗಳನ್ನು ಸವರಿ ಬೆಳಕು ತರಬೇಕು. ನೆರಳಿನ ತನಕ ಮುಗಿದಾಗ ರಾತ್ರಿ ಒಂದು ಗಂಟೆ. ಬೆಳಕು ಬೆಳಗ್ಗೆ ತಂದರಾಯಿತು ಅಂತ ಟ್ಯಾಂಕುಗಳನ್ನು ಕಡ್ಡಿಯಿಂದ ಬಿಡಿಸಿ, ಮೇಜಿನ ಮೇಲೆ ಹರವಿ ಮಲಗಿದ್ದೆ. ಉದ್ದುದ್ದ, ಕಪ್ಪುಕಪ್ಪು, ಒಂದು ಸೆಂಟಿಮೀಟರ್.

"ಯುದ್ಧದ ಟ್ಯಾಂಕಾ ಇದು?" ಹೆಂಡತಿ ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಪಶ್ಚಾತ್ತಾಪ ಕಾಣಲಿಲ್ಲ.

ಮೊರವನ್ನು ಹಳೇ ಪೇಪರಿನ ಮೇಲೆ ಸುರುವಿ, ಭೂತಗನ್ನಡಿ ಹಿಡಿದು, ಚಿಮಟದಲ್ಲಿ ಒಂದೊಂದೇ ಹೆಕ್ಕಿ ಸಾಲು ನಿಲ್ಲಿಸಿದೆ. ಒಂದೂ ಕಳೆದಿರಬಾರದಪ್ಪ ಅಂದುಕೊಳ್ಳುತ್ತಾ ಎಣಿಸಿದೆ.

23.

ಮತ್ತೊಮ್ಮೆ ಎಣಿಸಿದೆ. 23. ಎರಡಕ್ಕೆ ಮಾತ್ರ ಫಿರಂಗಿಯ ನಳಿಗೆ ಇರಲಿಲ್ಲ. ಗುಡಿಸುವಾಗ ಮುರಿದಿರಬೇಕು ಅಂತ ಒಂದನ್ನು ಚಿಮಟದಲ್ಲಿ ಮೆಲ್ಲಗೆ ಒತ್ತಿ ನೋಡಿದೆ.

ಮೆತ್ತಗಿತ್ತು.

ಹೆಂಡತಿ ಬಾಗಿಲ ಹತ್ತಿರವೇ ನಿಂತಿದ್ದಳು. "ಇಲಿಬೋನು ಅಟ್ಟದ ಮೇಲೇ ಇದೆಯಾ?" ಅಂದಳು.