ಕ್ವಾರ್ಟ್ಜ್ ಮೊದಲು ಬಂದದ್ದು ಜಾಲಹಳ್ಳಿಗೆ, ಬೆಳೆದದ್ದು ಹೊಸೂರಿನಲ್ಲಿ

ಬೆಂಗಳೂರಿನ ಯಾವ ಕಂಪನಿಯ ವಾರ್ಷಿಕ ವರದಿಯನ್ನು ತೆರೆದರೂ ಈಗ ಕೃತಕ ಬುದ್ಧಿಮತ್ತೆಯ ಪ್ರಸ್ತಾಪ ಇದ್ದೇ ಇರುತ್ತದೆ. ಹೊಸ ತಂತ್ರಜ್ಞಾನವನ್ನು ಯಾರು ಮೊದಲು ತಂದರೋ ಅವರೇ ಮುಂದೆ ಹೋಗುತ್ತಾರೆ ಎಂಬ ನಂಬಿಕೆ ಆ ಮಾತುಗಳ ಹಿಂದೆ ಇರುವಂತೆ ಕಾಣುತ್ತದೆ. ಈ ನಂಬಿಕೆ ತಪ್ಪೆಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ. ಅದಕ್ಕೆ ಸಾಕ್ಷಿ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಗರದ ಉತ್ತರಕ್ಕಿರುವ ಜಾಲಹಳ್ಳಿ ಮತ್ತು ಅತ್ತಿಬೆಲೆ ದಾಟಿದರೆ ಸಿಗುವ ಹೊಸೂರು, ಈ ಎರಡು ಊರುಗಳ ಕೈಗಡಿಯಾರ ಕಾರ್ಖಾನೆಗಳ ಕಥೆಯಲ್ಲೇ ಆ ಸಾಕ್ಷಿ ಇದೆ.

ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಜಾಲಹಳ್ಳಿಯ ಎಚ್‌ಎಂಟಿ, 1953ರಲ್ಲಿ ಸ್ಥಾಪನೆಯಾದಾಗ ಅದರ ಕೆಲಸ ಲೇಥು, ಮಿಲ್ಲಿಂಗ್ ಯಂತ್ರಗಳನ್ನು ತಯಾರಿಸುವುದಾಗಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಅದು ಕೈಗಡಿಯಾರಕ್ಕೆ ಕೈಹಾಕಿತು. ಆಮೇಲಿನ ಕಾಲು ಶತಮಾನ ಈ ದೇಶದಲ್ಲಿ ವಾಚ್ ಎಂದರೆ ಎಚ್‌ಎಂಟಿ. ಜನತಾ, ಪೈಲಟ್, ಸೋನಾ, ಕಾಂಚನ ಎಂಬ ಹೆಸರುಗಳು ನಮ್ಮ ಹಿರಿಯರ ಬಾಯಲ್ಲಿ ಮನೆಮಂದಿಯ ಹೆಸರುಗಳಂತೆ ಓಡಾಡುತ್ತಿದ್ದವು. ಮದುವೆಯ ಮಾತುಕತೆಯಲ್ಲಿ ವರನಿಗೆ ಕೊಡುವ ವಾಚ್ ಯಾವುದೆಂಬುದೂ ಒಂದು ವಿಷಯವಾಗಿರುತ್ತಿತ್ತು. ಬೇಡಿಕೆಯಷ್ಟು ಮಾಲು ಪೂರೈಸಲಾಗದ ಕಾಲ ಅದು. ಕೊಳ್ಳುವವನು ಕಾಯುತ್ತಿದ್ದ, ಮಾರುವವನು ಕಾಯಬೇಕಾಗಿರಲಿಲ್ಲ. ಮುಂದೆ ಆದದ್ದರ ಬೀಜ ಈ ಸ್ಥಿತಿಯಲ್ಲೇ ಇತ್ತು ಎಂದು ನಾನು ತಿಳಿಯುತ್ತೇನೆ.

ಜನತಾ ವಾಚಿನ ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿದವರಿಗೆ ಒಳಗಿನ ಲೋಕ ಗೊತ್ತು. ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗು, ಅದರ ಬಲವನ್ನು ಹಂತಹಂತವಾಗಿ ಸಾಗಿಸುವ ಹಲ್ಲಿನ ಚಕ್ರಗಳು, ಸವೆತ ತಡೆಯಲು ಕೂರಿಸಿದ 17 ಕೆಂಪು ಹರಳುಗಳು, ಎಡಕ್ಕೂ ಬಲಕ್ಕೂ ತಿರುಗುತ್ತಲೇ ಇರುವ ಬ್ಯಾಲೆನ್ಸ್ ಚಕ್ರ. ಇವನ್ನೆಲ್ಲ ಕಣ್ಣಿಗೆ ಭೂತಗಾಜು ಕಟ್ಟಿಕೊಂಡು, ಚಿಮಟದಲ್ಲಿ ಹಿಡಿದು ಜೋಡಿಸುವ ಕೈಗಳಿಗೆ ವರ್ಷಗಳ ತರಬೇತಿ ಬೇಕು. ಅಂತಹ ಕೈಗಳು ಎಚ್‌ಎಂಟಿಯಲ್ಲಿ ಸಾವಿರಾರು ಇದ್ದವು. ಆ ಕುಶಲತೆ ಅಷ್ಟು ದೊಡ್ಡದಾಗಿದ್ದರೂ, ದಿನಕ್ಕೆ ಕೆಲವು ಸೆಕೆಂಡುಗಳಷ್ಟಾದರೂ ಹಿಂದೆಮುಂದೆ ಆಗದ ಯಾಂತ್ರಿಕ ವಾಚ್ ಅಪರೂಪ.

ಕ್ವಾರ್ಟ್ಜ್ ವಾಚಿನಲ್ಲಿ ಈ ಲೋಕದ ಬಹುಪಾಲು ಇಲ್ಲವಾಗುತ್ತದೆ. ಪುಟ್ಟ ಸೆಲ್ಲಿನ ವಿದ್ಯುತ್ತು ಕವೆಯಾಕಾರದ ಸ್ಫಟಿಕದ ಚೂರೊಂದನ್ನು ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಮಾಡುತ್ತದೆ. ಒಂದು ಚಿಪ್ ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧಕ್ಕರ್ಧ ಇಳಿಸಿ ಸೆಕೆಂಡಿಗೆ ಒಂದೇ ಮಿಡಿತವಾಗಿಸುತ್ತದೆ. ಆ ಮಿಡಿತಕ್ಕೆ ಪುಟ್ಟ ಮೋಟಾರು ಮುಳ್ಳನ್ನು ಒಂದು ಹೆಜ್ಜೆ ಮುಂದೆ ಸರಿಸುತ್ತದೆ. ಕೀ ಕೊಡುವ ತಾಪತ್ರಯವಿಲ್ಲ, ವ್ಯತ್ಯಾಸವೇನಿದ್ದರೂ ತಿಂಗಳಿಗೆ ಕೆಲವು ಸೆಕೆಂಡು ಮಾತ್ರ. ಜಪಾನಿನ ಸೀಕೋ ಕಂಪನಿ ಇಂತಹ ಮೊದಲ ಕೈಗಡಿಯಾರವನ್ನು 1969ರ ಡಿಸೆಂಬರ್ 25ರಂದು ಟೋಕಿಯೊದಲ್ಲಿ ಮಾರಾಟಕ್ಕಿಟ್ಟಿತು. ಅದರ ಬೆಲೆ 4,50,000 ಯೆನ್, ಅಂದಿನ ಒಂದು ಸಣ್ಣ ಕಾರಿನ ಬೆಲೆಗೆ ಹತ್ತಿರ. ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್ ನಗರದ ಸಂಶೋಧನಾ ಕೇಂದ್ರದಲ್ಲಿ ಇದಕ್ಕೂ ಎರಡು ವರ್ಷ ಮೊದಲೇ, 1967ರಲ್ಲಿ, ಕ್ವಾರ್ಟ್ಜ್ ಕೈಗಡಿಯಾರದ ಮಾದರಿ ಸಿದ್ಧವಾಗಿತ್ತು ಎಂಬುದನ್ನು ನೆನಪಿಡಬೇಕು. ಸ್ವಿಸ್ ಕಂಪನಿಗಳ ಬಳಿ ವಿದ್ಯೆ ಇತ್ತು, ಆದರೆ ತಮ್ಮ ಯಾಂತ್ರಿಕ ವಾಚುಗಳ ಹೆಮ್ಮೆಯನ್ನು ಪಕ್ಕಕ್ಕಿಡುವ ಮನಸ್ಸು ಇರಲಿಲ್ಲ. 1970ರ ಸುಮಾರಿಗೆ ಅಂದಾಜು 90,000 ಇದ್ದ ಆ ಉದ್ಯಮದ ಕೆಲಸಗಾರರ ಸಂಖ್ಯೆ ಎಂಬತ್ತರ ದಶಕದ ನಡುವಿನ ಹೊತ್ತಿಗೆ ಮೂರನೇ ಒಂದಕ್ಕೆ ಇಳಿಯಿತು.

ನಮ್ಮ ಎಚ್‌ಎಂಟಿ 1981ರಲ್ಲೇ ಕ್ವಾರ್ಟ್ಜ್ ವಾಚನ್ನು ತಂದಿತು. ಭಾರತದಲ್ಲಿ ಅದೇ ಮೊದಲು. ಟೈಟನ್ ಎಂಬ ಕಂಪನಿ ಆಗ ಇನ್ನೂ ಹುಟ್ಟಿರಲೇ ಇಲ್ಲ, ಅದರ ಮೊದಲ ಮಳಿಗೆ ಬೆಂಗಳೂರಿನಲ್ಲಿ ಬಾಗಿಲು ತೆರೆದದ್ದು 1987ರಲ್ಲಿ. ಆರು ವರ್ಷಗಳ ಮುನ್ನಡೆ, ದೇಶದ ಉದ್ದಗಲಕ್ಕೂ ಅಂಗಡಿಗಳು, ಎಲ್ಲರ ನಾಲಗೆಯ ಮೇಲಿನ ಹೆಸರು, ನುರಿತ ಕೆಲಸಗಾರರು, ಹೀಗೆ ಏನೆಲ್ಲ ಇದ್ದರೂ ಹೊಸ ತಂತ್ರಜ್ಞಾನದ ಫಲ ಎಚ್‌ಎಂಟಿಗೆ ದಕ್ಕಲಿಲ್ಲ. ಕ್ವಾರ್ಟ್ಜ್ ಅಲ್ಲಿ ಇದ್ದ ಮಾದರಿಗಳ ಸಾಲಿಗೆ ಸೇರಿದ ಇನ್ನೊಂದು ಮಾದರಿಯಾಯಿತೇ ಹೊರತು, ಕಂಪನಿಯ ವ್ಯಾಪಾರದ ಬೆನ್ನೆಲುಬಾಗಿ ಯಾಂತ್ರಿಕ ವಾಚುಗಳೇ ಉಳಿದವು.

ಇದಕ್ಕೆ ಅಲ್ಲಿನ ಎಂಜಿನಿಯರುಗಳನ್ನು ದೂರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅವರ ಜಾಣ್ಮೆಯಲ್ಲಿ ಕೊರತೆ ಇರಲಿಲ್ಲ. ಕುರುಡರು ಮುಟ್ಟಿ ಸಮಯ ತಿಳಿಯುವ ಬ್ರೈಲ್ ವಾಚನ್ನೂ ಅವರು ಮಾಡಿದ್ದರು. ಕೊರತೆ ಇದ್ದದ್ದು ನಿರ್ಧರಿಸುವ ಅಧಿಕಾರದಲ್ಲಿ. ಸಾರ್ವಜನಿಕ ಉದ್ದಿಮೆಯಾಗಿ ಅದಕ್ಕೆ ಬೇರೆ ಹೊಣೆಗಳೂ ಇದ್ದವು. ಶ್ರೀನಗರದಲ್ಲಿ, ತುಮಕೂರಿನಲ್ಲಿ, ಹಿಮಾಲಯದ ತಪ್ಪಲಿನ ರಾಣಿಬಾಗಿನಲ್ಲಿ ಕಾರ್ಖಾನೆಗಳನ್ನು ತೆರೆಯುವಾಗ ವ್ಯಾಪಾರದ ಲೆಕ್ಕದ ಜೊತೆಗೆ ಆಯಾ ಪ್ರದೇಶಕ್ಕೆ ಉದ್ಯೋಗ ಒದಗಿಸುವ ಲೆಕ್ಕವೂ ಇತ್ತು, ಮತ್ತು ಆ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ದೊಡ್ಡ ಬಂಡವಾಳದ ಪ್ರತಿ ನಿರ್ಧಾರಕ್ಕೂ ದಿಲ್ಲಿಯ ಕಡೆ ನೋಡಬೇಕಾದ ಸಂಸ್ಥೆಯಲ್ಲಿ, ಇಂದು ಚೆನ್ನಾಗಿ ಮಾರಾಟವಾಗುತ್ತಿರುವ ವಸ್ತುವನ್ನು ನಾವೇ ಹಿಂದಕ್ಕೆ ಸರಿಸೋಣ ಎಂದು ಹೇಳುವ ಧೈರ್ಯ ಯಾವ ವ್ಯವಸ್ಥಾಪಕನಿಗೆ ಬರಬೇಕು? ಹೇಳಿ ಸೋತರೆ ವಿಚಾರಣೆಗೆ ಉತ್ತರಿಸಬೇಕು, ಹೇಳದೆ ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ.

ಹೊಸೂರಿನಲ್ಲಿ ನಡೆದದ್ದು ಬೇರೆ. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ 1984ರಲ್ಲಿ ಸ್ಥಾಪಿಸಿದ ಟೈಟನ್ನಿನಲ್ಲೂ ಸರ್ಕಾರದ ಪಾಲಿತ್ತು. ಆದ್ದರಿಂದ ಸರ್ಕಾರ ಬಂದರೆ ಕೆಡುತ್ತದೆ, ಖಾಸಗಿಯಾದರೆ ಬೆಳೆಯುತ್ತದೆ ಎಂಬ ಸುಲಭದ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ. ಅದರ ಮೊದಲ ವ್ಯವಸ್ಥಾಪಕ ನಿರ್ದೇಶಕ ಕ್ಸರ್ಕ್ಸಸ್ ದೇಸಾಯಿ ಅವರು ಕಂಪನಿಯ ಭಾರವನ್ನೆಲ್ಲ ಕ್ವಾರ್ಟ್ಜ್ ಮೇಲೆ ಹಾಕಿದರು. ಯಾಂತ್ರಿಕ ವಾಚೇ ಸಾಕು ಎನ್ನುತ್ತಿದ್ದ ಮಾರುಕಟ್ಟೆಯಲ್ಲಿ ಇದು ಸಣ್ಣ ಪಣವಲ್ಲ. ತಂತ್ರಜ್ಞಾನವನ್ನು ಫ್ರಾನ್ಸ್ ಎಬೋಶ್ ಎಂಬ ಫ್ರೆಂಚ್ ಕಂಪನಿಯಿಂದ ಪಡೆದರು. ಅನುಭವಿಗಳು ಎಚ್‌ಎಂಟಿಯಿಂದಲೂ ಬಂದರು. ಜಾಲಹಳ್ಳಿಯ ವಿದ್ಯೆಯೇ ಹೊಸೂರಿಗೆ ನಡೆದುಹೋಯಿತು ಎನ್ನಲೂಬಹುದು, ಆದರೆ ಅಲ್ಲಿ ಅದಕ್ಕೆ ಸಿಕ್ಕ ನೆಲ ಬೇರೆಯಾಗಿತ್ತು. ಸುತ್ತಲಿನ ಊರುಗಳಲ್ಲಿ ಆಗತಾನೇ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿ ಕೊಟ್ಟರು. ಹಳೆಯ ಪದ್ಧತಿಯನ್ನು ಕಲಿತಿರದ ಆ ಕೈಗಳಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ. ವಾಚನ್ನು ಉಪಯೋಗದ ವಸ್ತುವಾಗಿ ಮಾತ್ರ ನೋಡದೆ ಆಭರಣದಂತೆ ವಿನ್ಯಾಸಗೊಳಿಸಿ, ಗಾಜಿನ ಪೆಟ್ಟಿಗೆಯ ಹಿಂದೆ ಬೀಗ ಹಾಕಿಡದೆ, ಬೆಳಕು ತುಂಬಿದ ಸ್ವಂತ ಮಳಿಗೆಗಳಲ್ಲಿ ಕೈಗೆ ಕೊಟ್ಟು ತೋರಿಸಿದರು. ಆ ಬದಲಾವಣೆಯಲ್ಲಿ ಕ್ವಾರ್ಟ್ಜ್ ಒಂದು ಭಾಗ ಮಾತ್ರವಾಗಿತ್ತು.

ಟೈಟನ್ ಎಡ್ಜ್ ಎಂಬ ತೆಳ್ಳನೆಯ ವಾಚ್ ನನಗೆ ಈ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ. ನೀರು ಒಳಹೋಗದಂತೆಯೂ ಇರಬೇಕು, ಅತ್ಯಂತ ತೆಳ್ಳಗೂ ಇರಬೇಕು ಎಂಬ ಬಯಕೆಯನ್ನು ದೇಸಾಯಿ ಅವರು ತಮ್ಮ ಎಂಜಿನಿಯರುಗಳ ಮುಂದಿಟ್ಟರು. ಇದಕ್ಕಿಂತ ತೆಳ್ಳಗಿನ ವಾಚನ್ನು ಸ್ವಿಸ್ಸರು 1979ರಲ್ಲೇ ಮಾಡಿದ್ದರು, ಆದರೆ ನೀರಿನ ಕಷ್ಟವನ್ನು ತೆಳುತನದ ಜೊತೆ ಸೇರಿಸಿದಾಗ ಲೆಕ್ಕವೇ ಬದಲಾಗುತ್ತದೆ. ನೀರು ತಡೆಯಬೇಕಾದರೆ ಕೇಸಿನ ಗೋಡೆ, ಗಾಜು, ಮುಚ್ಚಳ, ನಡುವಿನ ರಬ್ಬರ್ ಬಳೆ ಎಲ್ಲವೂ ಒತ್ತಡ ತಾಳುವಷ್ಟು ಗಟ್ಟಿ ಇರಬೇಕು. ಗಟ್ಟಿ ಮಾಡಿದಷ್ಟೂ ದಪ್ಪವಾಗುತ್ತದೆ, ದಪ್ಪ ಇಳಿಸಿದಷ್ಟೂ ಒಳಗಿನ ಮುಳ್ಳು, ಚಕ್ರ, ಸೆಲ್ಲುಗಳಿಗೆ ಜಾಗ ಸಾಲದು. ಸ್ವಿಸ್ ತಯಾರಕರು ಇದು ಆಗದ ಕೆಲಸ ಎಂದರೆಂದು ಟೈಟನ್ನಿನವರು ಹೇಳುತ್ತಾರೆ. ಹಲವು ವರ್ಷಗಳ ಪ್ರಯತ್ನದ ನಂತರ 2002ರಲ್ಲಿ ಹೊರಬಂದ ಎಡ್ಜ್ ವಾಚಿನ ಒಟ್ಟು ದಪ್ಪ 3.5 ಮಿಲಿಮೀಟರ್, ಅದರೊಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಆ ವರ್ಷಗಳಲ್ಲಿ ಒಂದು ರೂಪಾಯಿಯ ಆದಾಯವನ್ನೂ ತಾರದ ತಂಡಕ್ಕೆ ಸಂಬಳ ಕೊಟ್ಟು, ಈ ಮೂರು ತಿಂಗಳಲ್ಲಿ ಏನು ಸಾಧಿಸಿದಿರಿ ಎಂದು ಕೇಳುತ್ತಾ ಕೂರದೆ ಕಾದದ್ದೇ ನಾಯಕತ್ವ ಎಂದು ನಾನು ಭಾವಿಸುತ್ತೇನೆ. ವೇದಿಕೆಯ ಭಾಷಣಗಳಿಗೆ ನಾವು ಆ ಹೆಸರನ್ನು ಬಹಳ ಸುಲಭವಾಗಿ ಕೊಟ್ಟುಬಿಡುತ್ತೇವೆ.

ಅವರು ಕಾದದ್ದೆಲ್ಲ ಫಲಿಸಲಿಲ್ಲ. ಯುರೋಪಿನ ಮಾರುಕಟ್ಟೆಗೆ ಹೋಗಿ ಟೈಟನ್ ಬಹಳ ಹಣ ಕಳೆದುಕೊಂಡಿತು. ತೊಂಬತ್ತರ ದಶಕದಲ್ಲಿ ಆರಂಭಿಸಿದ ತನಿಷ್ಕ್ ಕೂಡ ಮೊದಲ ವರ್ಷಗಳಲ್ಲಿ ನಷ್ಟದಲ್ಲೇ ಇತ್ತು. 18 ಕ್ಯಾರಟ್ಟಿನ, ಹರಳು ಕೂರಿಸಿದ ಒಡವೆ ನಮ್ಮ ಹೆಣ್ಣುಮಕ್ಕಳಿಗೆ ಒಗ್ಗಲಿಲ್ಲ, ಅವರಿಗೆ 22 ಕ್ಯಾರಟ್ಟಿನ ಚಿನ್ನವೇ ಬೇಕಿತ್ತು. ಕಂಪನಿ ಆಗ ಅಂಗಡಿ ಮುಚ್ಚಲಿಲ್ಲ, ಗ್ರಾಹಕರಿಗೆ ನಿಜವಾಗಿ ಕಾಡುತ್ತಿದ್ದ ಸಂಶಯ ಯಾವುದೆಂದು ನೋಡಿತು. ಚಿನ್ನ ಶುದ್ಧವೋ ಅಲ್ಲವೋ ಎಂಬ ಪ್ರಶ್ನೆಗೆ ಅದುವರೆಗೆ ಉತ್ತರ ಕೊಡುತ್ತಿದ್ದದ್ದು ಅಂಗಡಿಯವನ ಒರೆಗಲ್ಲು ಮತ್ತು ಅವನ ಮಾತು. ತನಿಷ್ಕ್ ತಂದ ಕ್ಯಾರಟ್ ಮೀಟರ್ ಒಡವೆಯನ್ನು ಉಜ್ಜದೆ, ಕರಗಿಸದೆ, ಅದರ ಮೇಲೆ ಎಕ್ಸ್‌-ಕಿರಣ ಹಾಯಿಸಿ ಚಿನ್ನವೆಷ್ಟು, ತಾಮ್ರ ಬೆಳ್ಳಿಗಳೆಷ್ಟು ಎಂಬುದನ್ನು ಕೆಲವೇ ನಿಮಿಷಗಳಲ್ಲಿ ಗ್ರಾಹಕರ ಕಣ್ಣೆದುರೇ ತೋರಿಸಿತು. ಎಷ್ಟೋ ಜನರಿಗೆ ತಮ್ಮ ಪೆಟ್ಟಿಗೆಯ 22 ಕ್ಯಾರಟ್ ಒಡವೆ ಅಷ್ಟು ಶುದ್ಧವಲ್ಲವೆಂದು ಗೊತ್ತಾದದ್ದು ಆಗಲೇ. ಆ ಯಂತ್ರ ತನಿಷ್ಕಿನ ಆವಿಷ್ಕಾರವಲ್ಲ, ಪ್ರಯೋಗಾಲಯಗಳಲ್ಲಿ ಆ ವಿಧಾನ ಮೊದಲೇ ಇತ್ತು. ಅದನ್ನು ಮಾರಾಟದ ಮೇಜಿನ ಮೇಲೆ ತಂದಿಟ್ಟು, ಅಳೆಯುವ ಅಧಿಕಾರವನ್ನು ಕೊಳ್ಳುವವರ ಕಡೆಗೆ ತಿರುಗಿಸಿದ್ದು ಹೊಸತು.

ಇಲ್ಲಿ ನನ್ನ ಅನುಭವದ ಮಾತೊಂದನ್ನು ಸೇರಿಸುತ್ತೇನೆ. ಪೀಣ್ಯದಲ್ಲಿ ನಾನು ಕೆಲಸ ಮಾಡಿದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಸಲಹೆಗಳಿಗೆಂದು ಗೋಡೆಗೆ ಒಂದು ಪೆಟ್ಟಿಗೆ ಹಾಕಿದ್ದರು. ಅದರ ಬೀಗದ ಕೈ ಸಿಬ್ಬಂದಿ ವಿಭಾಗದಲ್ಲಿರುತ್ತಿತ್ತು. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರ ನೋಡಿಕೊಳ್ಳುತ್ತಿದ್ದ ಹಿರಿಯ ಆಪರೇಟರ್ ಒಬ್ಬರಿಗೆ, ಟೂಲ್ ಮುರಿಯುವ ಮುನ್ನ ಯಂತ್ರದ ಸದ್ದು ಬದಲಾಗುವುದು ಕಿವಿಗೆ ತಿಳಿಯುತ್ತಿತ್ತು. ಸದ್ದು ಅಳೆಯುವ ಸಣ್ಣ ಸೆನ್ಸರ್ ಕೂರಿಸಿದರೆ ರಾತ್ರಿ ಪಾಳಿಯ ಹೊಸ ಹುಡುಗರಿಗೆ ಅನುಕೂಲವಾಗುತ್ತದೆಂದು ಅವರು ಚೀಟಿ ಬರೆದು ಹಾಕಿದರು. ಅದಕ್ಕೆ ಉತ್ತರ ಬರಲೇ ಇಲ್ಲ. ನಂತರ ಅದೇ ಕಾರ್ಖಾನೆಗೆ ಹೊರಗಿನ ಸಲಹೆಗಾರರು ಬಂದು, ದುಬಾರಿ ಬೆಲೆಯ ನಿಗಾ ವ್ಯವಸ್ಥೆಯೊಂದನ್ನು ಅಳವಡಿಸಿ ಹೋದರು. ಆ ಆಪರೇಟರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಯಾವ ಸದ್ದಿಗೆ ಎಚ್ಚರಿಸಬೇಕೆಂಬುದು ತಿಳಿಯದ ಆ ವ್ಯವಸ್ಥೆ ಎಲ್ಲದಕ್ಕೂ ಕೂಗಿಕೊಳ್ಳುತ್ತಿದ್ದುದರಿಂದ ಹುಡುಗರು ಅದನ್ನು ಆರಿಸಿಟ್ಟುಬಿಟ್ಟರು. ಟೊಯೋಟಾ 1951ರಿಂದ ತನ್ನ ಕೆಲಸಗಾರರ ಸಲಹೆಗಳನ್ನು ಪಡೆಯುವ ಪದ್ಧತಿಯನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಮೇಲ್ವಿಚಾರಕನನ್ನು ಕರೆಯಬಹುದು, ಸಮಸ್ಯೆ ಬಗೆಹರಿಯದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಹಗ್ಗವನ್ನು ಯಾರು ಬೇಕಾದರೂ ಕಟ್ಟಿಸಬಹುದು. ಎಳೆದವನನ್ನು ಬೈಯದೆ ಬಂದು ನೋಡುವ ಮೇಲ್ವಿಚಾರಕನನ್ನು ಬೆಳೆಸಲು ದಶಕಗಳು ಬೇಕು.

ಈಗ ಕಂಪನಿಗಳು ಕೃತಕ ಬುದ್ಧಿಮತ್ತೆಯ ಉಪಕರಣಗಳನ್ನು ಕೊಳ್ಳುತ್ತಿರುವ ರೀತಿಯಲ್ಲಿ ಆ ಪೀಣ್ಯದ ಕಾರ್ಖಾನೆಯೇ ನನಗೆ ಮತ್ತೆ ಮತ್ತೆ ಕಾಣುತ್ತದೆ. ಪರವಾನಗಿಗಳನ್ನು ಸಾವಿರಗಟ್ಟಲೆ ಕೊಳ್ಳಲಾಗುತ್ತದೆ, ಎಷ್ಟು ಮಂದಿ ಬಳಸಿದರೆಂದು ಎಣಿಸಲಾಗುತ್ತದೆ. ಗ್ರಾಹಕರ ದೂರಿಗೆ ದಿನವೂ ಕಿವಿಗೊಡುವ, ಹಳೆಯ ಕೋಡಿನ ಯಾವ ಮೂಲೆಯಲ್ಲಿ ತೊಂದರೆ ಅಡಗಿದೆ ಎಂಬುದನ್ನು ಬಲ್ಲ ಕಿರಿಯ ನೌಕರ, ಈ ಕೆಲಸವನ್ನೇ ಹೀಗೆ ಬದಲಾಯಿಸೋಣ ಎಂದರೆ ಒಪ್ಪುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಗಂಟೆಗಳ ಲೆಕ್ಕದಲ್ಲಿ ಗ್ರಾಹಕರಿಂದ ಹಣ ಪಡೆಯುವ ಕಂಪನಿಯಲ್ಲಿ ಹತ್ತು ಗಂಟೆಯ ಕೆಲಸವನ್ನು ಎರಡು ಗಂಟೆಗೆ ಇಳಿಸುವ ಸಲಹೆ ಆದಾಯಕ್ಕೇ ಕೊಡಲಿಯಾಗುತ್ತದೆ. 1981ರಲ್ಲಿ ಕ್ವಾರ್ಟ್ಜ್ ವಾಚನ್ನು ಕೈಯಲ್ಲಿ ಹಿಡಿದಿದ್ದ ಎಚ್‌ಎಂಟಿಯ ಮುಂದೆ ಇದ್ದದ್ದು ಇದೇ ಇಕ್ಕಟ್ಟು.

ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ನಿರ್ಧಾರ ಕೈಗೊಂಡದ್ದು 2016ರ ಜನವರಿಯಲ್ಲಿ. ಅದೇ ವರ್ಷ ಟೈಟನ್, ಎಚ್‌ಪಿ ಕಂಪನಿಯೊಂದಿಗೆ ಸೇರಿ ಜಕ್ಸ್ಟ್ ಎಂಬ ತನ್ನ ಮೊದಲ ಸ್ಮಾರ್ಟ್‌ವಾಚನ್ನು ಮಾರುಕಟ್ಟೆಗೆ ತಂದಿತು. 2020ರಲ್ಲಿ ಹೈದರಾಬಾದಿನ ಹಗ್ ಇನ್ನೋವೇಶನ್ಸ್ ಎಂಬ ಸಣ್ಣ ಕಂಪನಿಯನ್ನು ಕೊಂಡು ಅಲ್ಲಿ ಇಂತಹ ವಾಚುಗಳ ಅಭಿವೃದ್ಧಿ ಕೇಂದ್ರ ಮಾಡಿಕೊಂಡಿತು. ಸಮಯ ನೋಡಲು ಮೊಬೈಲ್ ಇರುವಾಗ, ಕೈಗೆ ಕಟ್ಟಿದ್ದು ನಾಡಿಬಡಿತವನ್ನೂ ನಿದ್ದೆಯನ್ನೂ ಅಳೆಯುತ್ತಿರುವಾಗ, ಚೆನ್ನಾಗಿ ಮಾರಾಟವಾಗುತ್ತಿರುವ ತನ್ನದೇ ಕ್ವಾರ್ಟ್ಜ್ ವಾಚುಗಳನ್ನು ಹಿಂದಕ್ಕೆ ಸರಿಸುವ ಮಾತನ್ನು ಹೊಸೂರಿನ ಕಾರ್ಖಾನೆಯ ಕಿರಿಯ ಎಂಜಿನಿಯರ್ ಒಬ್ಬಳು ಎತ್ತಿದರೆ, ಅವಳಿಗೆ ತಂಡವನ್ನೂ ವರ್ಷಗಳನ್ನೂ ಕೊಟ್ಟು ಕಾಯುವವರು ಇಂದಿಗೂ ಅಲ್ಲಿ ಇದ್ದಾರೆಯೇ? ಇದ್ದಾರೆಂದು ನಂಬಲು ನನಗೆ ಎಡ್ಜ್ ಒಂದು ಕಾರಣ, ತನಿಷ್ಕ್ ಇನ್ನೊಂದು.